ಒಂಟಿಗಣ್ಣಿನ ಅಳಿಯ

ಜನವರಿ 9, ಬೆಳಿಗ್ಗೆ 8.20

ಎರಡು ಮಾತ್ರೆ ನುಂಗಿ, ಬಾಯಿ ಆ ಎಂದು ತೆರೆದು, ಖಾಲಿ ಅಂಗೈಯನ್ನು ಅಳಿಯನಿಗೆ ತೋರಿಸಿದ್ದಾಯಿತು. ಈಗ ಸ್ನಾನದ ಮನೆ. ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೇನೆ. ಬರೆಯಲು ಹದಿನೈದು ನಿಮಿಷ. ಒಂದು ನಿಮಿಷ ಹೆಚ್ಚಾದರೂ ಹೊರಗಿನಿಂದ ಕೂಗು — 'ಅಪ್ಪಾ, ಬಿದ್ರಾ?'

ಅಳಿಯ ಎಂದರೆ ಹಾಲ್‌ನ ಗೋಡೆ ಮೇಲಿರುವ ಕ್ಯಾಮೆರಾ. ಮಗಳಿಗೆ ಮೂವತ್ತಾರು. ಮದುವೆಯ ಮಾತೆತ್ತಿದರೆ ಮುಖ ತಿರುಗಿಸುತ್ತಾಳೆ. ಆದರೆ ಎರಡು ವರ್ಷದ ಹಿಂದೆ ಒಂದು ಸಂಜೆ ಇವನನ್ನು ಡಬ್ಬಿಯಲ್ಲಿ ಕರೆತಂದು ಗೋಡೆಗೆ ಕೂರಿಸಿದಳು. ಮನೆಯಳಿಯ. ಒಂದೇ ಕಣ್ಣು. ನಿದ್ದೆ ಇಲ್ಲ, ಊಟ ಕೇಳುವುದಿಲ್ಲ, ಮಾವನಿಗೆ ಎದುರಾಡುವುದೂ ಇಲ್ಲ... ಕೊಂಕು ಹುಡುಕಲು ಜಾಗವೇ ಕೊಡದ ಅಳಿಯ. ಗಲ್ಲದ ಕೆಳಗೊಂದು ನೀಲಿ ದೀಪ. ಅದು ಉರಿಯುತ್ತಿದ್ದರೆ ಮಗಳು ತನ್ನ ಫೋನಿನಲ್ಲಿ ನನ್ನನ್ನು ನೋಡಬಹುದು, ಅವನ ಬಾಯಿಂದ ಮಾತೂ ಆಡಬಹುದು. ದೀಪ ಆರಿದ್ದನ್ನು ನಾನು ಕಂಡದ್ದು ಕರೆಂಟ್ ಹೋದಾಗ ಮಾತ್ರ.

ಮಗಳದು ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆ. ದಿನವಿಡೀ ಬಿದ್ದವರು, ಸುಟ್ಟುಕೊಂಡವರು, ಮುಳುಗಿದವರು. ಒಂದು ಕಾಲ್‌ಗೂ ಇನ್ನೊಂದು ಕಾಲ್‌ಗೂ ನಡುವೆ — ನಾನು.

ನಿನ್ನೆ ಮಂಡಿ ಡಾಕ್ಟರ ಹತ್ತಿರ ಹೋಗಿದ್ದೆವು. ಮಗಳು ಒಳಗೆ ನನ್ನ ಮೇಲೆ ಚಾಡಿ ಹೇಳುತ್ತಿದ್ದಾಗ ಹೊರಗಿನ ಬೆಂಚಿನ ಮೇಲೊಂದು ಬಣ್ಣದ ಚೀಟಿ ಸಿಕ್ಕಿತು. ಮಡಚಿ ಬನಿಯನ್ನಿನೊಳಗೆ ಇಳಿಸಿದೆ. ಕದ್ದಂತಾಯಿತೇ? ನೋ. ಫ್ರೀ ಕಾಪಿ. ಆದರೂ ಎರಡೂ ಕಡೆ ನೋಡಿಕೊಂಡೆ.

'ಅರವತ್ತು ದಾಟಿದವರಿಗೆ ಸಮುದ್ರದಲ್ಲಿ ಈಜು. ಮಾರ್ಚ್ 18ರಿಂದ ಐದು ದಿನ. ಶಾಂತವಾದ ಕೊಲ್ಲಿ, ಎದೆಮಟ್ಟದ ನೀರು, ಎರಡು ಹಗ್ಗಗಳ ನಡುವೆ. ಏನೂ ಬಾರದವರಿಗೂ ಸ್ವಾಗತ.'

ಏನೂ ಬಾರದವರು. ದಟ್ ಈಸ್ ಮಿ.

ಹದಿನಾಲ್ಕನೇ ನಿಮಿಷ. ನಲ್ಲಿ ತಿರುಗಿಸಿ ಸದ್ದು ಮಾಡಬೇಕು.


ಜನವರಿ 12, ಭಾನುವಾರ

ಮಗಳಿಗೆ ರಜೆ. ಆದ್ದರಿಂದ ಅಳಿಯನಿಗೂ ರಜೆ ಕೊಡಬಹುದಿತ್ತು. ಕೊಡಲಿಲ್ಲ. ಇವತ್ತು ನನ್ನ ಮೇಲೆ ಮೂರು ಕಣ್ಣು.

ಸಮುದ್ರ ನಾನು ನೋಡದ್ದೇನಲ್ಲ. ಒಂದು ಸಲ ಹೋಗಿದ್ದೆವು, ಮಗಳಿಗೆ ಒಂಬತ್ತು ವರ್ಷ. ತಾಯಿ ಮಗಳು ಕೈ ಹಿಡಿದುಕೊಂಡು ಮಂಡಿಯುದ್ದ ನೀರಿಗೆ ಇಳಿದರು, ಕಿರುಚಿದರು, ಬಿದ್ದರು, ಎದ್ದರು. ನಾನು ಮರಳಿನ ಮೇಲೆ ಮೂರು ಜೊತೆ ಚಪ್ಪಲಿ, ಒಂದು ಚೀಲ, ಒಂದು ಟವೆಲ್ಲು ಕಾಯುತ್ತ ಕೂತಿದ್ದೆ. 'ರೀ, ಬನ್ರೀ!' ಎಂದು ನನ್ನವಳು ಎಷ್ಟೋ ಕೂಗಿದಳು. 'ಚಪ್ಪಲಿ?' ಎಂದೆ. ಬೀಚಿನಲ್ಲಿ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರು ಕದಿಯುತ್ತಿದ್ದರು?

ಆಮೇಲೆ ಇಪ್ಪತ್ತನಾಲ್ಕು ವರ್ಷ ಅದೇ ಮಾತು. ನೆಂಟರೆದುರು, ಅಕ್ಕಪಕ್ಕದವರೆದುರು. 'ಇವ್ರಾ? ಸಮುದ್ರದ ತನಕ ಹೋಗಿ ಚಪ್ಪಲಿ ಕಾದು ಬಂದ ಮಹಾನುಭಾವರು!' ನಾನೂ ನಗುತ್ತಿದ್ದೆ. ಈಗ ಹಾಗೆ ಅನ್ನುವವರು ಇಲ್ಲ. ಅದಕ್ಕೇ ಇರಬೇಕು, ಮಾತು ಚುಚ್ಚುತ್ತದೆ.

ಇನ್ನೊಂದು ಕಾರಣ. ಮೂವತ್ತನಾಲ್ಕು ವರ್ಷ ಲಿಫ್ಟ್ ಮೆಕ್ಯಾನಿಕ್. ನನಗೆ ಗೊತ್ತಿರುವುದು ಎರಡೇ ದಿಕ್ಕು — ಮೇಲೆ, ಕೆಳಗೆ. ಎಲ್ಲವೂ ಹಗ್ಗದಿಂದ ತೂಗುವ ಲೋಕ. ಸಾಯುವುದರೊಳಗೆ ಒಮ್ಮೆ ಅಡ್ಡಡ್ಡ ಹೋಗಬೇಕು. ಹಗ್ಗವಿಲ್ಲದೆ.


ಜನವರಿ 16, ಬೆಳಿಗ್ಗೆ

ಶಿಬಿರದವರಿಗೆ ಕಾಗದ ಬರೆದೆ. ಇಂಗ್ಲಿಷಿನಲ್ಲಿ. ಚೀಟಿಯಲ್ಲಿ ಫೋನ್ ನಂಬರ್ ಇದೆ, ಆದರೆ ನನ್ನ ಫೋನಿನ ಲೆಕ್ಕವೆಲ್ಲ ಮಗಳಿಗೆ ಗೊತ್ತಾಗುತ್ತದೆ. ಕಾಗದವೇ ಸೇಫ್.

'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಎ ವಿಡೋವರ್ ಆಫ್ ಸೌಂಡ್ ಮೈಂಡ್ ಅಂಡ್ ಅನ್‌ಸೌಂಡ್ ನೀಸ್...'

ಬಿ.ಎ. ಎರಡು ವರ್ಷ ಓದಿ ಬಿಟ್ಟವನು. ನಾನು ಇಂಗ್ಲಿಷನ್ನು ಕೈಬಿಟ್ಟೆನೋ ಅದೇ ನನ್ನನ್ನು ಬಿಟ್ಟಿತೋ, ವಿಚಾರಣೆ ಇನ್ನೂ ನಡೆದಿದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಕಂಡಿದ್ದರೆ ಒಂದು ಬಾಟಲಿ ಕೆಂಪು ಮಸಿ ಖರ್ಚಾಗುತ್ತಿತ್ತು. ನೆವರ್‌ದಿಲೆಸ್, ವಿಷಯ ತಲುಪುತ್ತದೆ.

ಉತ್ತರ ಬರಬೇಕಾದ ವಿಳಾಸಕ್ಕೆ ಎದುರು ಮನೆ ಟೈಲರಮ್ಮನ ಬಾಗಿಲ ನಂಬರ್ ಕೊಟ್ಟೆ. ನಮ್ಮ ಮನೆಯ ಇನ್ನೊಂದು ಬೀಗದಕೈ ಇರುವುದೂ ಅವರ ಹತ್ತಿರವೇ. ಕೊರಳಲ್ಲಿ ಸದಾ ಅಳತೆ ಟೇಪು. ಅದು ಇಲ್ಲದಿದ್ದರೆ ಗುರುತೇ ಹತ್ತುವುದಿಲ್ಲ.

'ನಿಮ್ಮ ಹೆಸರಿಗೆ ಒಂದು ಕಾಗದ ಬರ್ಬೋದು, ಆದ್ರೆ ಅದು ನನಗೆ,' ಎಂದೆ.

'ಅಯ್ಯೋ! ಈ ವಯಸ್ಸಲ್ಲಿ? ಯಾರ್ರೀ ಆಕೆ?'

'ಸಮುದ್ರ.'

'ಹೆಸರು ಚೆನ್ನಾಗಿದೆ,' ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ನಗು ಕೇಳಿಸುತ್ತಲೇ ಇತ್ತು.


ಜನವರಿ 28

ಬಂತು! 'ಡಿಯರ್ ಸೀನಿಯರ್' ಎಂದು ಶುರು. ಅನ್‌ಸೌಂಡ್ ನೀಸ್‌ಗೆ ಉಪ್ಪುನೀರು ಬಹಳ ಒಳ್ಳೆಯದಂತೆ. ಜೊತೆಗೊಂದು ಫಾರಂ, ಒಂದು ಹಾಳೆ ಸೂಚನೆ. ಮನೆಯಲ್ಲಿ ಒಣ ಅಭ್ಯಾಸ ಮಾಡಿ ಬರಬೇಕು — ಸ್ಟೂಲಿನ ಮೇಲೆ ಹೊಟ್ಟೆ ಇಟ್ಟು ಮಲಗಿ ಕೈಕಾಲು ಬಡಿಯುವುದು. ಚಿತ್ರವೂ ಇದೆ. ಕಪ್ಪೆಗೆ ಕನ್ನಡಕ ಹಾಕಿದ ಹಾಗೆ.

ಫಾರಂನಲ್ಲಿ ಮೂರು ಸಹಿ. ನನ್ನದು. ಡಾಕ್ಟರದು. ಮೂರನೆಯದು, ಹತ್ತಿರದ ರಕ್ತಸಂಬಂಧಿಯದು. ಮಾರ್ಚ್ 7ರೊಳಗೆ ತಲುಪಬೇಕು. ಸಹಿ ಇಲ್ಲದಿದ್ದರೆ ನೀರಿಗೆ ಬಿಡುವುದಿಲ್ಲ.

ನನ್ನದು ಕೂಡಲೇ ಹಾಕಿದೆ. ಉತ್ಸಾಹದಲ್ಲಿ ಗೆರೆ ದಾಟಿ ಹೋಯಿತು.


ಫೆಬ್ರವರಿ 3, ಬೆಳಿಗ್ಗೆ 11

ಡಾಕ್ಟರ ಸಹಿ ಆಯಿತು. ಅಳಿಯನ ಮುಂದೆ ನಿಂತು 'ಮಂಡಿ ನೋವು, ಡಾಕ್ಟರ ಹತ್ರ ಹೋಗ್ಬರ್ತೀನಿ' ಎಂದೆ. ಸುಳ್ಳೇನಲ್ಲ, ನೋವು ಯಾವತ್ತೂ ಇದ್ದದ್ದೇ.

ಅಳಿಯನ ಬಾಯಿಂದ ಮಗಳು: 'ಟೈಲರಮ್ಮನ ಜೊತೆ ಹೋಗಿ. ಲಿಫ್ಟಲ್ಲಿ ಹೋಗಿ, ಮೆಟ್ಟಿಲು ಬೇಡ.'

ಲಿಫ್ಟಿನಲ್ಲಿ ಹೋಗಿ, ಎಂದು ನನಗೆ ಹೇಳುತ್ತಾಳೆ!

ಡಾಕ್ಟರು ಎದೆಗೆ ತಣ್ಣನೆಯದು ಒತ್ತಿ ಕೇಳಿದರು: 'ಮಗಳು ಒಪ್ಪಿದ್ದಾಳಾ?'

'ಒಪ್ತಾಳೆ.'

'ನಾನು ಕೇಳಿದ್ದು ಅದಲ್ಲ,' ಎಂದರು. ಆದರೂ ಸಹಿ ಹಾಕಿದರು.


ಫೆಬ್ರವರಿ 6

ಈಜುಚಡ್ಡಿ. ಅಂಗಡಿಯದು ಯಾಕೆ, ನಾನೇ ಹೊಲಿದುಕೊಡುತ್ತೇನೆ ಎಂದರು ಟೈಲರಮ್ಮ. ಹರಿದ ಕೊಡೆಯ ಬಟ್ಟೆ ಇದೆಯಂತೆ, ನೀರು ಹಿಡಿಯುವುದಿಲ್ಲವಂತೆ. ಅಳಿಯನ ಎದುರು ಅಳತೆ ಕೊಡುವುದು ಹೇಗೆ? ಹೊರಗೆ ಮೆಟ್ಟಿಲ ಹತ್ತಿರ ನಿಂತು ಕೊಟ್ಟೆ. ಸೊಂಟಕ್ಕೆ ಟೇಪು ಸುತ್ತಿದಾಗಲೇ ಮೇಲಿನ ಮಹಡಿಯ ಪೋಸ್ಟ್‌ಮಾಸ್ತರರು ಇಳಿದುಬಂದರು. ನೋಡಿದರು. ನೋಡಲಿಲ್ಲ ಎಂಬಂತೆ ಇಳಿದರು.

'ಹೋಗ್ಲಿ ಬಿಡಿ,' ಎಂದರು ಟೈಲರಮ್ಮ, ಬಾಯಿತುಂಬ ಗುಂಡುಪಿನ್ನು. 'ನೀರಿಗಿಳಿದ ಮೇಲೆ ಚಳಿ ಏನು, ಮಳೆ ಏನು.'

'ಇನ್ನೂ ಇಳಿದಿಲ್ಲವಲ್ಲ.'

'ಇಳೀತೀರಿ. ಮಂಡಿ ತನಕ ಸಾಕಾ, ತೊಡೆ ತನಕಾನಾ?'

ಮಂಡಿ ತನಕ. ಐ ಆಮ್ ಎ ಜಂಟಲ್‌ಮನ್.


ಫೆಬ್ರವರಿ 11, ಮಧ್ಯಾಹ್ನ 12.40

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಒಣ ಅಭ್ಯಾಸಕ್ಕೆ ಕಪಾಟಿನ ಪಕ್ಕದ ಮೂಲೆ ಗೊತ್ತುಮಾಡಿದ್ದೆ. ಅಳಿಯನ ಕಣ್ಣು ಅಲ್ಲಿಗೆ ಹರಿಯದು ಎಂದು ನಂಬಿದ್ದೆ. ಹೊಸ ಚಡ್ಡಿ ಹಾಕಿಕೊಂಡೆ. ನೀರು ಹೋಗದಂತೆ ಕಿವಿಗೆ ಹತ್ತಿ ಇಡಬೇಕೆಂದು ಹಾಳೆಯಲ್ಲಿ ಇತ್ತು. ಅಭ್ಯಾಸವಾಗಲಿ ಎಂದು ಅದನ್ನೂ ತುರುಕಿಕೊಂಡೆ. ಸ್ಟೂಲಿನ ಮೇಲೆ ಹೊಟ್ಟೆ. ಕೈ ಮುಂದಕ್ಕೆ, ಅಗಲಕ್ಕೆ, ಎದೆಗೆ. ಕಾಲು ಮಡಚು, ಒದೆ. ಬಾಯಿಂದ ಬುಸ್ ಎಂದು ಗಾಳಿ. ಹತ್ತು, ಹದಿನೈದು, ಇಪ್ಪತ್ತು... ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು. ಕಣ್ಣು ಮುಚ್ಚಿಕೊಂಡಿದ್ದೆ. ಒಂದು ಕ್ಷಣ ನೆಲ ನೀಲಿಯಾಗಿತ್ತು.

ಭುಜದ ಮೇಲೆ ಕೈ ಬಿತ್ತು. ಕಣ್ಣು ಬಿಟ್ಟರೆ ಟೈಲರಮ್ಮ, ಹಿಂದೆ ಇಬ್ಬರು ಆಂಬುಲೆನ್ಸ್‌ನವರು, ಮಡಚುವ ಮಂಚ ಹಿಡಿದು. ಗೋಡೆಯಿಂದ ಮಗಳು ಕಿರುಚುತ್ತಲೇ ಇದ್ದಳು. ಕಿವಿಯ ಹತ್ತಿ ತೆಗೆದಾಗ ಕೇಳಿಸಿತು — 'ಫಿಟ್ಸ್! ತಲೆ ಹಿಡೀರಿ! ಬಾಯಲ್ಲಿ ನೊರೆ ಇದೆಯಾ ನೋಡಿ!'

ಅಳಿಯನ ಕಣ್ಣು ಮೀನಿನ ಕಣ್ಣಂತೆ. ಮೂಲೆಮೂಲೆಯೂ ಕಾಣುತ್ತದಂತೆ.

ಆಂಬುಲೆನ್ಸ್‌ನ ದೊಡ್ಡವನು ನನ್ನ ಚಡ್ಡಿ ನೋಡಿದ, ಸ್ಟೂಲು ನೋಡಿದ. 'ಏನು ಮಾಡ್ತಿದ್ರಿ ಯಜಮಾನ್ರೇ?'

'ಸ್ವಿಮ್ಮಿಂಗ್.'

ಅವನು ನಗಲಿಲ್ಲ. ದೊಡ್ಡ ಮನಸ್ಸು. ಗೋಡೆಗೆ ತಿರುಗಿ 'ಮೇಡಂ, ಪೇಷಂಟ್ ಈಜ್ತಾ ಇದ್ದಾರೆ' ಎಂದ. ಅಳಿಯ ಸುಮ್ಮನಾದ.

ಟೈಲರಮ್ಮ ಮಾತ್ರ ಹೋಗುವಾಗ ಬಗ್ಗಿ ನೋಡಿ, 'ಹೊಲಿಗೆ ಎಲ್ಲೂ ಬಿಟ್ಟಿಲ್ಲ' ಎಂದರು.

ಒಂದು ವಿಷಯ ಬರೆದಿಡಬೇಕು. ಈ ಸಲ ನಾಲ್ಕೇ ನಿಮಿಷದಲ್ಲಿ ಬಂದರು. ನಾಲ್ಕು.


ಫೆಬ್ರವರಿ 12

ನಿನ್ನೆ ಸಂಜೆ ಬಂದವಳು ಬ್ಯಾಗೂ ಇಳಿಸಲಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ, ಫಾರಂ ಮೇಜಿನ ಮೇಲಿಟ್ಟೆ.

'ಸಮುದ್ರಾನಾ? ನಿಮಗೇನು ತಲೆ ಕೆಟ್ಟಿದೆಯಾ ಅಪ್ಪಾ?'

'ಎದೆಮಟ್ಟದ ನೀರು ಪುಟ್ಟಾ. ಹಗ್ಗ ಕಟ್ಟಿರ್ತಾರೆ.'

'ಬಕೆಟ್ ನೀರಲ್ಲೂ ಮುಳುಗ್ತಾರೆ. ನಾನು ಕಾಲ್ ತಗೊಂಡಿದೀನಿ.'

'ಹಾಗಾದ್ರೆ ಸ್ನಾನಾನೂ ಬಿಡ್ಲಾ?'

'ನಗಬೇಡಿ. ನಗ್ಬೇಡಿ ಅಂದೆ.'

ಅವಳ ಕೆಳತುಟಿ ಥೇಟ್ ಅವಳಮ್ಮನದು. ಅಳು ಬಂದಾಗ ಒಳಕ್ಕೆ ಹೋಗುತ್ತದೆ.

'ನೀನೂ ಬಾ,' ಎಂದೆ. 'ಚಪ್ಪಲಿ ಕಾಯಕ್ಕೆ ಯಾರಾದ್ರೂ ಬೇಕಲ್ಲ.'

'ನಾನು ಸೈನ್ ಮಾಡಲ್ಲ. ನನ್ನ ಕೈಯಲ್ಲಿ ಆಗಲ್ಲ.' ಫಾರಂ ಅವಳ ಕಪಾಟಿಗೆ ಹೋಯಿತು. ಬೀಗದ ಸದ್ದು.

ಜೋರು ಮಾಡಲು ನನಗೆ ಬಾಯಿಲ್ಲ. ಯಾಕಿಲ್ಲ ಎಂದು ಈ ಪುಸ್ತಕದಲ್ಲೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಮಧ್ಯಾಹ್ನ ಮೂರು ಹತ್ತು. ನನ್ನವಳು ಅಡುಗೆಮನೆಯಲ್ಲಿ ಕುಸಿದಳು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಕಂಟ್ರೋಲ್ ರೂಮಿನಲ್ಲಿ ಹತ್ತು ಜನ ಕೂರುತ್ತಾರೆ. ಎತ್ತಿದ್ದು ಮಗಳೇ. ನನಗೆ ಅವಳ ದನಿ ಗುರುತಾಗಲಿಲ್ಲ. ಗಾಡಿ ಹೋದದ್ದು ನಮ್ಮ ಹಳೇ ಮನೆಗೆ — ಇಪ್ಪತ್ತಾರು ವರ್ಷ ಇದ್ದು, ಆರು ತಿಂಗಳ ಹಿಂದಷ್ಟೇ ಬಿಟ್ಟುಬಂದಿದ್ದ ಬಾಡಿಗೆ ಮನೆಗೆ. ಅಲ್ಲಿ ಯಾರೋ ಬಾಗಿಲು ತೆರೆದು ತಪ್ಪು ಮನೆ ಎಂದರಂತೆ. ಇಲ್ಲಿಗೆ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಹೆಚ್ಚಾಗಿತ್ತು.

ಮೂವತ್ತನಾಲ್ಕು ವರ್ಷ ಲಿಫ್ಟಿನ ಬಾಗಿಲಾಚೆಯಿಂದ 'ಗಾಬರಿ ಬೇಡ' ಎಂದವನು. ಗಾಬರಿಯಲ್ಲಿ ಹಳೇ ವಿಳಾಸ ಹೇಳಿದೆ. ಮತ್ತಿನ್ನಾರು ಹೇಳಿಯಾರು?

ಮಗಳು ಒಂದು ದಿನವೂ ಆಡಿ ತೋರಿಸಲಿಲ್ಲ. ತಿಂಗಳಾದ ಮೇಲೆ ಅಳಿಯನನ್ನು ತಂದಳು. ಶಿಕ್ಷೆ ಎಂದುಕೊಂಡೆ. ಒಪ್ಪಿಕೊಂಡೆ.

'ಅಪ್ಪಾ, ಇಪ್ಪತ್ತು ನಿಮಿಷ ಆಯ್ತು!'


ಫೆಬ್ರವರಿ 21

ಮಲಗುವ ಕೋಣೆಗೂ ಒಬ್ಬ ಬಂದ. ಇವನು ದುಂಡಗೆ, ಬೆಳ್ಳಗೆ. ಅವರಿಬ್ಬರೂ ಈಗ ಷಡ್ಡಕರು. ಮೊದಲನೆಯವನು ನನ್ನ ಹಗಲು ನೋಡುತ್ತಾನೆ, ಎರಡನೆಯವನು ನಿದ್ದೆ. ನನ್ನ ವಿಷಯ ಇಬ್ಬರೂ ಮಾತಾಡಿಕೊಳ್ಳುತ್ತಿರಬಹುದು. 'ನಿಮ್ಮ ಕಡೆ ಮಾವ ಹೇಗೆ?' 'ಗೊರಕೆ ಹೊಡೀತಾರೆ. ನಿಮ್ಮ ಕಡೆ?' 'ಈಜ್ತಾರೆ.'

ಒಂಬತ್ತು ದಿನ ಬರೆಯಲಿಲ್ಲ. ಸ್ನಾನದ ಮನೆಗೆ ಈಗ ಎಂಟೇ ನಿಮಿಷ.


ಫೆಬ್ರವರಿ 26

ಮಗಳ ಸಹಿ ನಾನೇ ಹಾಕಿದರೆ? ಇನ್ನೊಂದು ಫಾರಂ ತರಿಸಬಹುದು. ಈ ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಸಲ ಹಾಕಿ ನೋಡಿದೆ. ಮೊದಲಕ್ಷರದ ಕೊಂಡಿ ಅವಳು ಬಲಕ್ಕೆ ಎಳೆಯುತ್ತಾಳೆ. ಆ ಕೊಂಡಿ ಬರೆಯಲು ಅವಳಿಗೆ ಕೈ ಹಿಡಿದು ಕಲಿಸಿದವನು ನಾನು. ನಾಲ್ಕೂ ಹೊಡೆದುಹಾಕಿದೆ. ಕಳ್ಳತನಕ್ಕೂ ಯೋಗ್ಯತೆ ಬೇಕು.

ಇದು ಲಿಫ್ಟ್ ರಿಪೇರಿಯ ಹಳೇ ಲಾಗ್‌ಬುಕ್ಕು. ಪ್ರತಿ ಪುಟದ ಮೇಲೂ ಅಚ್ಚಾಗಿದೆ — ದೂರು, ಕಾರಣ, ಕ್ರಮ. ಇವತ್ತಿನದು ತುಂಬುತ್ತೇನೆ.

ದೂರು: ಮನುಷ್ಯ ಒಳಗಿದ್ದಾನೆ.
ಕಾರಣ: ಗೊತ್ತಿದೆ.
ಕ್ರಮ:

ಒಬ್ಬ ನೆನಪಾಗುತ್ತಾನೆ. ಏಳನೇ ಎಂಟನೇ ಮಹಡಿಯ ನಡುವೆ ಎರಡು ಗಂಟೆ ಸಿಕ್ಕಿಕೊಂಡಿದ್ದ ಒಬ್ಬ ಔಷಧಿ ಸೇಲ್ಸ್‌ಮನ್. ನಾನು ಮೇಲೆ ಕೂತು ಬ್ರೇಕ್ ಬಿಡಿಸುತ್ತ, ಧೈರ್ಯಕ್ಕೆಂದು ಮಾತಾಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವನು ತಮ್ಮನಿಗೆ ಮಾಡಿದ ಮೋಸವನ್ನೆಲ್ಲ ಹೇಳಿಬಿಟ್ಟ. ಬಾಗಿಲು ತೆರೆದ ಮೇಲೆ ನನ್ನ ಮುಖ ನೋಡದೆ ಹೋದ. ಮುಖಕ್ಕೆ ಹೇಳಲಾಗದ್ದನ್ನು ಜನ ಮುಚ್ಚಿದ ಬಾಗಿಲಿಗೆ ಹೇಳುತ್ತಾರೆ. ಎಷ್ಟೋ ಸಲ ಕಂಡಿದ್ದೇನೆ.


ಮಾರ್ಚ್ 3, ಮಧ್ಯಾಹ್ನ 2

ಹೇಳಿಬಿಟ್ಟೆ. ಅಳಿಯನಿಗೆ.

ಬೆಳಿಗ್ಗೆ ಹನ್ನೊಂದಿರಬಹುದು. ಅವನ ಕೆಳಗೆ ಕುರ್ಚಿ ಎಳೆದುಕೊಂಡು ಕೂತೆ. ಮಗಳು ಯಾವುದೋ ಕಾಲ್‌ನಲ್ಲಿರುತ್ತಾಳೆ, ಕೇಳಿಸಿದರೆ ಕೇಳಿಸಲಿ, ಇಲ್ಲದಿದ್ದರೆ ಗೋಡೆಗೆ ಹೇಳಿದ ಹಾಗಾಯಿತು ಎಂದು.

'ಪುಟ್ಟಾ, ಅವತ್ತು ಹಳೇ ಮನೆ ಅಡ್ರೆಸ್ ಹೇಳಿದೋನು ನಾನೇ. ನಿನಗೂ ಗೊತ್ತು. ಅದಕ್ಕೇ ಇವನನ್ನ ತಂದು ಕೂರಿಸಿದೀಯ. ಕೂರಿಸು, ಬೇಡ ಅನ್ನಲ್ಲ. ನಿಮ್ಮಮ್ಮನ ಹನ್ನೊಂದು ನಿಮಿಷ ನಾನು ತಿಂದೆ. ಆದ್ರೆ ಒಂದು ಐದು ದಿನ... ಪೆರೋಲ್ ಮೇಲಾದ್ರೂ ಬಿಡು.'

ನೀಲಿ ದೀಪ. ಕೇಳಿಸಿಲ್ಲ ಎಂದುಕೊಂಡು ಕುರ್ಚಿ ಹಿಡಿದು ಏಳುತ್ತಿದ್ದೆ.

'ಅಪ್ಪಾ.'

ಕೂತೆ.

'ನೀವು ಅಡ್ರೆಸ್ ಹೇಳ್ಲೇ ಇಲ್ಲ.'

'ಏನು?'

'ಬೇಗ ಬನ್ನಿ, ಬೇಗ ಬನ್ನಿ ಅಂದ್ರಿ, ಅಷ್ಟೇ. ಏಳು ಸಲ. ಪ್ರತಿ ಕಾಲೂ ರೆಕಾರ್ಡ್ ಆಗತ್ತೆ. ನಾನು ಕೇಳಿದೀನಿ.'

'ಮತ್ತೆ ಗಾಡಿ...'

'ನಾನೇ ಹಾಕ್ದೆ. ನಿಮ್ಮ ದನಿ ಕೇಳ್ತಿದ್ದ ಹಾಗೇ ಕೈ ತಾನಾಗೇ ಟೈಪ್ ಮಾಡ್ತು. ಹಳೇ ಮನೇದು. ಯಾರೇ ಫೋನ್ ಮಾಡ್ಲಿ, ಮೊದ್ಲು ಅಡ್ರೆಸ್ ಕೇಳ್ಬೇಕು ಅಪ್ಪಾ. ಎರಡು ಸಲ ಕೇಳ್ಬೇಕು. ಟ್ರೇನಿಂಗಲ್ಲಿ ಮೊದಲ್ನೇ ದಿನ ಹೇಳ್ಕೊಡ್ತಾರೆ. ನಾನು ಕೇಳ್ಲಿಲ್ಲ. ನನ್ನ ಮನೆ ನನಗೆ ಗೊತ್ತಲ್ಲ ಅಂತ.'

ನಾನು ಬಾಯಿ ತೆರೆದದ್ದು ಅವಳಿಗೆ ಕಂಡಿರಬೇಕು. ಅವಳು ಮಾತ್ರ ನನಗೆ ಕಾಣುತ್ತಿರಲಿಲ್ಲ. ಒಂದು ಸಲ ಮೂಗು ಎಳೆದದ್ದು ಕೇಳಿಸಿತು. ಹಿಂದೆಲ್ಲೋ ಫೋನು ಬಡಿದುಕೊಳ್ಳತೊಡಗಿತು.

'ಕಾಲ್ ಬಂತು,' ಎಂದಳು.

ಗಡಿಬಿಡಿಯಲ್ಲಿ ಅಳಿಯನ ಬಾಯಿ ಮುಚ್ಚಿಸಲು ಮರೆತಳು. ನನ್ನ ಹಾಲ್‌ನಲ್ಲಿ, ನನ್ನ ಗೋಡೆಯಿಂದ, ಬೇರೆ ಯಾರಿಗೋ ಅವಳು ಹೇಳುತ್ತಿದ್ದದ್ದೆಲ್ಲ ಕೇಳಿಸಿತು. ಒಂದಿಷ್ಟೂ ನಡುಗದ ದನಿ. 'ಆಂಬುಲೆನ್ಸ್. ಗಾಬರಿ ಆಗ್ಬೇಡಿ, ನಾನಿದ್ದೀನಿ. ಮೊದಲು ಅಡ್ರೆಸ್ ಹೇಳಿ. ಸರಿ. ಇನ್ನೊಂದು ಸಲ ಹೇಳಿ.'


ಮಾರ್ಚ್ 4

ನಿನ್ನೆ ಸಂಜೆ ಬಂದಳು. ಬಟ್ಟಲು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಊಟಕ್ಕೆ ಎದುರುಬದುರು ಕೂತೆವು. ಇಷ್ಟು ದಿನ ಇಬ್ಬರೂ ಒಂದೇ ಮೂಟೆಯನ್ನು ಬೇರೆಬೇರೆ ಕೋಣೆಯಲ್ಲಿ ಹೊತ್ತು ನಿಂತಿದ್ದೆವು. ಇಳಿಸಿದರೆ ಹಗುರವಾಗಬೇಕಲ್ಲ? ಆಗಲಿಲ್ಲ. ಹೆಗಲಿಗೆ ಚಳಿಯಾಯಿತು, ಅಷ್ಟೇ.

'ಶಿಕ್ಷೆ ಅಂದ್ಕೊಂಡಿದ್ರಾ?' ಎಂದಳು ತಟ್ಟೆ ನೋಡುತ್ತ.

'ಹೂಂ.'

'ನೀವು ಕಣ್ಣಿಗೆ ಕಾಣ್ತಾ ಇದ್ರೆ, ಎಲ್ಲಿದೀರಿ ಅಂತ ಕೇಳೋ ಹಾಗೇ ಇಲ್ಲವಲ್ಲ ಅಪ್ಪಾ. ಅದಕ್ಕೆ.'

ಅವಳ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ.

ಆಮೇಲೆ ಕೇಳಿದಳು: 'ನೀರಿಗೆ ಇಳಿಯೋದು ಎಷ್ಟು ಗಂಟೆಗೆ?'

'ಒಂಬತ್ತರಿಂದ ಹತ್ತು. ಫೋನ್ ಒಳಗೆ ಬಿಡಲ್ಲ, ಲಾಕರಲ್ಲಿ ಇಡ್ಬೇಕಂತೆ.'

'ಆ ಒಂದು ಗಂಟೆ ನಾನೇನು ಮಾಡ್ಲಿ?'

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒಳಗೆ ಏನು ಮಾಡಬೇಕು ಎಂದು ಸಾವಿರ ಜನಕ್ಕೆ ಹೇಳಿದ್ದೇನೆ. ಕೂತುಕೊಳ್ಳಿ, ಬಾಗಿಲು ತಳ್ಳಬೇಡಿ, ಉಸಿರು ಎಣಿಸಿ. ಹೊರಗೆ ನಿಂತು ಕಾಯುವವರು ಬಂದು ಕೇಳಿದಾಗಲೆಲ್ಲ 'ಸ್ವಲ್ಪ ಆ ಕಡೆ ನಿಲ್ಲಿ' ಎನ್ನುತ್ತಿದ್ದೆ. ಅದೊಂದೇ.




ಮಾರ್ಚ್ 5, ಬೆಳಿಗ್ಗೆ 8.10

ಮಾತ್ರೆ ಡಬ್ಬಿಯ ಕೆಳಗೆ ಫಾರಂ. ಸಹಿ ಆಗಿದೆ. ಮೊದಲಕ್ಷರದ ಕೊಂಡಿ ಬಲಕ್ಕೆ.

ಅದರ ಕೆಳಗೆ ರಕ್ತಸಂಬಂಧಿ ತನ್ನ ಕೈಯಾರೆ ತುಂಬಬೇಕಾದ ಮನೆಯ ವಿಳಾಸ. ಈ ಮನೆಯದು. ದಪ್ಪ ಅಕ್ಷರಗಳಲ್ಲಿ. ಅದರ ಕೆಳಗೆ, ಜಾಗವಿಲ್ಲದಿದ್ದರೂ ಒತ್ತೊತ್ತಾಗಿ, ಇನ್ನೊಂದು ಸಲ. ಅದೇ.

ಮಧ್ಯಾಹ್ನ ಸೇರಿಸಿದ್ದು: ಟೈಲರಮ್ಮ ಪೋಸ್ಟ್ ಮಾಡಿ ಬಂದರು. ಏಳನೇ ತಾರೀಕಿನೊಳಗೆ ತಲುಪಿಯೇ ತಲುಪುತ್ತದೆ ಎಂದು ಮೇಲಿನ ಮಹಡಿಯ ಪೋಸ್ಟ್‌ಮಾಸ್ತರರು ಮಾತು ಕೊಟ್ಟಿದ್ದಾರೆ. ಮೆಟ್ಟಿಲ ಹತ್ತಿರ ಕಂಡದ್ದರ ಬಗ್ಗೆ ಈಗಲೂ ಒಂದು ಮಾತಿಲ್ಲ.


ಮಾರ್ಚ್ 16, ಭಾನುವಾರ, ಸಂಜೆ

ಬ್ಯಾಗು ತುಂಬಿದ್ದಾಯಿತು. ಕೊಡೆಚಡ್ಡಿ, ಟವೆಲ್ಲು ಎರಡು, ಮಾತ್ರೆ, ಹತ್ತಿ. ಮಗಳು ಎಲ್ಲದಕ್ಕೂ ನನ್ನ ಹೆಸರು, ವಿಳಾಸ ಬರೆದ ಚೀಟಿ ಅಂಟಿಸಿದ್ದಾಳೆ. ಹಲ್ಲುಜ್ಜುವ ಬ್ರಷ್ಷಿಗೂ. ಕಳೆದುಹೋದರೆ ಬ್ರಷ್ಷು ತಾನಾಗಿ ಮನೆಗೆ ನಡೆದು ಬರಬಹುದು.

ಷಡ್ಡಕನನ್ನು ಹತ್ತು ದಿನದ ಹಿಂದೆಯೇ ಇಳಿಸಿದಳು. ಹಾಲ್‌ನವನು ಇದ್ದಾನೆ. ಇರಲಿ, ಹಿರಿಯಳಿಯ.

ಬಸ್ಸು ನಾಳೆ ಹತ್ತಕ್ಕೆ. ಮಗಳಿಗೆ ಏಳರಿಂದ ಡ್ಯೂಟಿ, ರಜೆ ಹಾಕು ಎನ್ನಲು ನನಗೆ ಧೈರ್ಯವಾಗಲಿಲ್ಲ. ಹಾಕುತ್ತೇನೆ ಎಂದು ಅವಳೂ ಅನ್ನಲಿಲ್ಲ. ಟೈಲರಮ್ಮ ಸ್ಟ್ಯಾಂಡಿನವರೆಗೆ ಬರುತ್ತಾರೆ.

ಭಯವಾಗುತ್ತಿದೆ. ನೀರಿನದ್ದಲ್ಲ. ಒಂದು ಸಲ ಒಬ್ಬ ಹೆಂಗಸು, ಗಂಟೆಗಟ್ಟಲೆ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದವರು. ಬಾಗಿಲು ತೆರೆದು ಕೈ ಚಾಚಿದೆ. ಬರಲೊಲ್ಲರು. ಸರಿಯಾಗಿ ಮಹಡಿಯ ಮಟ್ಟಕ್ಕೇ ನಿಂತಿತ್ತು ಲಿಫ್ಟು, ಒಂದು ಹೆಜ್ಜೆ ಇಟ್ಟರೆ ಸಾಕು. 'ತಡೀರಿ, ತಡೀರಿ' ಎನ್ನುತ್ತ ಮೂಲೆಗೇ ಒರಗಿಕೊಂಡು ನಿಂತರು. ಅವತ್ತು ನನಗೆ ನಗು ಬಂದಿತ್ತು.

ಮಗಳು ಊಟಕ್ಕೆ ಕರೆಯುತ್ತಿದ್ದಾಳೆ. ದನಿ ಗೋಡೆಯಿಂದಲ್ಲ, ಅಡುಗೆಮನೆಯಿಂದ.


ಮಾರ್ಚ್ 17, ಬೆಳಿಗ್ಗೆ 9.05

ಹಾಲ್‌ನಲ್ಲೇ ಕೂತು ಬರೆಯುತ್ತಿದ್ದೇನೆ. ಮೊದಲ ಸಲ.

ಮಗಳು ಆರೂವರೆಗೆ ಹೊರಟಳು. ಬಾಗಿಲಲ್ಲಿ ನಿಂತು 'ಚಪ್ಪಲಿ ಲಾಕರಲ್ಲಿ ಇಡಿ' ಎಂದಳು. ಅಷ್ಟೇ ಅಂದದ್ದು. ಲಿಫ್ಟ್ ಇಳಿಯುವ ಸದ್ದು ಕೇಳಿದೆ. ಮೂರನೇ ಮಹಡಿಯಲ್ಲಿ ಅದಕ್ಕೊಂದು ಸಣ್ಣ ಕುಲುಕು ಇದೆ, ಕಂಬಿ ಹಿಡಿದು ಜಾರುವ ಗೈಡ್ ಶೂ ಸವೆದಿರಬೇಕು. ಬಂದ ಮೇಲೆ ನೋಡಬೇಕು.

ಟೈಲರಮ್ಮ ಹೊರಗೆ ಬಾಗಿಲು ತಟ್ಟುತ್ತಿದ್ದಾರೆ. 'ಏನ್ರೀ ಮದುವಣಿಗರೇ, ಇನ್ನೂ ಅಲಂಕಾರ ಮುಗೀಲಿಲ್ವಾ?' ಬ್ಯಾಗು ಬಾಗಿಲ ಹತ್ತಿರವೇ ಇದೆ. ನಾನು ಎದ್ದಿಲ್ಲ.

ಎಂಟಕ್ಕೆ ತೆಗೆದುಕೊಳ್ಳಬೇಕಾದ ಮಾತ್ರೆ ಮರೆತಿದ್ದೆ. ಈಗ ನುಂಗಿದೆ. ಬಾಯಿ ತೆರೆದು ತೋರಿಸಿದೆ. ಅಂಗೈ ಚಾಚಿದೆ. 'ಯಾಕೆ ಲೇಟು' ಎಂದು ಅನ್ನಲಿ ಎಂದು ಕಾದೆ.

ನೀಲಿ ದೀಪ ಇಲ್ಲ.

ಕರೆಂಟ್ ಹೋಗಿರಬೇಕು ಎಂದುಕೊಂಡೆ. ಎಡಗೈ ಇನ್ನೂ ಚಾಚಿಯೇ ಇದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಪುಟ ಹಾರುತ್ತಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಕರೆಂಟ್ ಇದೆ. ಅಂದರೆ, ಮಗಳೇ ಆರಿಸಿ ಹೋಗಿದ್ದಾಳೆ.